ಬೀಗದ ಕೈ ಅಕ್ಕನ ಹತ್ತಿರ ಇರಲಿ

ಪತ್ರ: ನಾನು ಹಾಸನದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಹಾಸನಾಂಬೆ ದರ್ಶನದ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಟಾಯ್ಲೆಟ್‌ನಲ್ಲಿ ಸೋಪೂ ಇರಲ್ಲ, ನೀರೂ ಇರಲ್ಲ. ಮಾಲೀಕರನ್ನು ಕೇಳಿದರೆ, "ಇಷ್ಟು ಜನ ಬಂದ್ರೆ ಏನ್ ಮಾಡೋಕಾಗುತ್ತಮ್ಮ" ಅನ್ನುತ್ತಾರೆ. ನಾವು ಹುಡುಗಿಯರು ನೀರು ಕುಡಿಯುವುದನ್ನೇ ಕಮ್ಮಿ ಮಾಡಿದ್ದೇವೆ. ಇದಕ್ಕೇನು ದಾರಿ?
— ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ: ನಿಮ್ಮ ಪತ್ರದ ಕೊನೆಯ ಮಾತು ಓದಿ ಬೇಜಾರಾಯಿತು. ದಯವಿಟ್ಟು ನೀರು ಕುಡಿಯುವುದನ್ನು ಬಿಡಬೇಡಿ. ನೀರು ಕಮ್ಮಿ ಕುಡಿದು ಗಂಟೆಗಟ್ಟಲೆ ತಡೆದುಕೊಂಡರೆ ಮೂತ್ರದ ಸೋಂಕು ಬರುವ ಸಾಧ್ಯತೆ ಜಾಸ್ತಿ. ಹೆಂಗಸರಿಗಂತೂ ಇದು ಗಂಡಸರಿಗಿಂತ ಸುಲಭವಾಗಿ ಬರುತ್ತದೆ. ಉರಿಯೋ ಜ್ವರವೋ ಕಾಣಿಸಿದರೆ ಹಬ್ಬ ಮುಗಿಯಲಿ ಎಂದು ಕಾಯದೆ ಡಾಕ್ಟರಿಗೆ ತೋರಿಸಿ.

ಇನ್ನು ನಿಮ್ಮ ಮಾಲೀಕರ ಮಾತು. ಅದನ್ನು ನಾನು ಒಪ್ಪುವುದಿಲ್ಲ. ಹಾಸನಾಂಬೆಯ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೇಲೆ ಬರುವ ಗುರುವಾರ. ಜನ ಬರುವ ದಿನ ಊರಿಗೆಲ್ಲ ಮೊದಲೇ ಗೊತ್ತು. ಸೀರೆ ಸ್ಟಾಕ್ ತರಿಸುವುದು ಅದೇ ಲೆಕ್ಕದಲ್ಲಿ ಅಲ್ವಾ? ಸೋಪನ್ನೂ ಹಾಗೇ ತರಿಸಬಹುದು.

ಲೆಕ್ಕ ಕಷ್ಟದ್ದೇನಲ್ಲ. ಹಳೇ ಫ್ಲಶ್ ಟ್ಯಾಂಕ್ ಒಂದು ಸಲಕ್ಕೆ ಸುಮಾರು 10 ಲೀಟರ್ ನೀರು ಬಿಡುತ್ತದೆ. ಮೇಲೆ 1000 ಲೀಟರಿನ ಟ್ಯಾಂಕ್ ಇದ್ದರೆ ನೂರು ಸಲಕ್ಕೆ ಖಾಲಿ. ಕೈ ತೊಳೆಯುವ ನೀರು, ನೆಲ ತೊಳೆಯುವ ನೀರು ಇದರಲ್ಲಿ ಸೇರಿಲ್ಲ. ಅಂದರೆ ಬೆಳಿಗ್ಗೆ ಒಮ್ಮೆ ಮೋಟರ್ ಹಾಕಿ ಸುಮ್ಮನಾದರೆ ಸಾಲದು. ಕರೆಂಟ್ ಹೋದರೆ ಅಂತ ಎರಡು ಡ್ರಮ್ ನೀರು, ಮಗ್ಗು ಒಳಗೇ ಇರಬೇಕು.

ಹಬ್ಬದಲ್ಲಿ ಇನ್ನೊಂದು ತೊಂದರೆ ಇದೆ. ಬಳಸುವವರು ಜಾಸ್ತಿಯಾಗುವ ಹೊತ್ತಿಗೇ ಫಿನಾಯಿಲ್ ತಂದುಕೊಡುವವರು ರಜೆ ಹಾಕುತ್ತಾರೆ, ಕ್ಲೀನ್ ಮಾಡುವ ಅಕ್ಕನೂ ಊರಿಗೆ ಹೋಗುತ್ತಾರೆ. ಅವರಿಗೂ ಹಬ್ಬ ಇದೆಯಲ್ಲ. ಹಾಗಾಗಿ ಸಾಮಾನು ವಾರ ಮೊದಲೇ ಬಂದಿರಬೇಕು. ಬದಲಿಗೆ ಬರುವವರು ಯಾರು, ಅವರಿಗೆ ಹೆಚ್ಚಿನ ಕೂಲಿ ಎಷ್ಟು ಅನ್ನುವುದೂ ಆಗಲೇ ಗೊತ್ತಾಗಿರಬೇಕು.

ನಾನು ಬಹಳ ಕಡೆ ಕಂಡದ್ದು ಏನೆಂದರೆ, ಸೋಪು ಇಲ್ಲದೇ ಇರುವುದಿಲ್ಲ. ಗೋಡೌನಿನಲ್ಲಿ ಬಾಕ್ಸ್‌ಗಟ್ಟಲೆ ಇರುತ್ತದೆ. ಬೀಗದ ಕೈ ಮಾಲೀಕರ ಜೇಬಿನಲ್ಲಿ, ಮಾಲೀಕರು ಗಲ್ಲಾದಲ್ಲಿ, ಗಲ್ಲಾದ ಮುಂದೆ ಐವತ್ತು ಜನ. ಒಂದು ಸೋಪಿಗಾಗಿ ಆ ಗುಂಪು ದಾಟಿ ಹೋಗಿ ಕೇಳುವ ಧೈರ್ಯ ಕ್ಲೀನ್ ಮಾಡುವ ಅಕ್ಕನಿಗೆ ಎಲ್ಲಿಂದ ಬರಬೇಕು? ಆ ಬೀಗದ ಕೈ ಅವರ ಹತ್ತಿರವೇ ಇರಲಿ. ಗಂಟೆಗೊಮ್ಮೆ ಒಳಗೆ ಹೋಗಿ ನೋಡುವುದು, ಮುಗಿಯುವ ಮೊದಲೇ ತುಂಬಿಸುವುದು ಅವರ ಕೆಲಸ ಎಂದು ಎಲ್ಲರೆದುರು ಹೇಳಿಬಿಡಲಿ. ಆ ಹೊತ್ತಿನಲ್ಲಿ ಅವರನ್ನು ಟೀ ತರಲು ಕಳಿಸಬಾರದು.

ಸೋಪು ಬಾಳಿಕೆ ಬರಲಿ ಅಂತ ಬಾಟಲಿಗೆ ನೀರು ಬೆರೆಸುತ್ತಾರಲ್ಲ, ಅದು ಬೇಡ. ಹಳೆಯದರ ಮೇಲೆ ಹೊಸದನ್ನು ಸುರಿಯುತ್ತಾ ಹೋದರೂ ಒಳಗೆ ರೋಗಾಣು ಬೆಳೆಯಬಹುದು. ಬಾಟಲಿ ತೊಳೆದು, ಒಣಗಿಸಿ ತುಂಬಿಸಬೇಕು. ಹೆಂಗಸರ ಕಡೆ ಮುಚ್ಚಳವಿರುವ ಕಸದ ಬುಟ್ಟಿ, ಪ್ಯಾಡ್ ಸುತ್ತಲು ಹಳೇ ಪೇಪರ್ ಇರಲೇಬೇಕು. ಇವು ಇಲ್ಲದೆ ಪ್ಯಾಡ್ ಕಮೋಡಿಗೆ ಬಿದ್ದರೆ ಹಬ್ಬದ ದಿನವೇ ಪೈಪ್ ಕಟ್ಟಿಕೊಳ್ಳುತ್ತದೆ, ಪ್ಲಂಬರ್ ಸಿಗುವುದಿಲ್ಲ.

ಚಿಕ್ಕಮಗಳೂರಿನ ಹೋಟೆಲು, ಹೋಂಸ್ಟೇಯವರಿಗೂ ಇದೇ ಮಾತು. ದಸರಾ ರಜೆಗೆ, ಡಿಸೆಂಬರ್ ಕೊನೆಗೆ ಮುಳ್ಳಯ್ಯನಗಿರಿ ಹತ್ತಿ ಇಳಿದವರು ಮೊದಲು ಕೇಳುವುದೇ ಟಾಯ್ಲೆಟ್ ಎಲ್ಲಿ ಎಂದು.

ನೀವು ಒಬ್ಬರೇ ಹೋಗಿ ಕೇಳಬೇಡಿ. ನಾಲ್ಕೈದು ಜನ ಸೇರಿ, ಹಬ್ಬಕ್ಕೆ ಹದಿನೈದು ದಿನ ಇರುವಾಗ, ಬೇಕಾದ ಸಾಮಾನಿನ ಚೀಟಿ ಬರೆದು ಕೊಡಿ. ಈ ಪುಟವನ್ನೂ ಕತ್ತರಿಸಿ ಜೊತೆಗಿಡಿ. ಏನಾಯಿತೆಂದು ನಮಗೆ ಬರೆಯಿರಿ.