ಸ್ಲೈಡ್ ಫಿಲ್ಮ್ ಇನ್ನೆಷ್ಟು ಕಾಲ? ಕರಾವಳಿಯ ಓದುಗರ ಪ್ರಶ್ನೆಗಳಿಗೆ ಉತ್ತರ

ಛಾಯಾಗ್ರಹಣ ಅಂಕಣಕ್ಕೆ ಈ ಸಲ ಮಂಗಳೂರು ಮತ್ತು ಉಡುಪಿಯ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ಲೈಡ್ ಫಿಲ್ಮಿಗೆ, ಅಂದರೆ ನೆಗೆಟಿವ್ ಇಲ್ಲದೆ ನೇರವಾಗಿ ಪಾರದರ್ಶಕ ಬಣ್ಣದ ಚಿತ್ರವನ್ನೇ ಕೊಡುವ ಫಿಲ್ಮಿಗೆ ಸಂಬಂಧಿಸಿದವು. ಒಂದೇ ವಿಷಯವಾದ್ದರಿಂದ ಆಯ್ದ ಐದು ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ಉಡುಪಿ ಸುತ್ತಮುತ್ತಲಿನ ಯಕ್ಷಗಾನ ಬಯಲಾಟಗಳನ್ನು ನಾನು ಬಹಳ ವರ್ಷಗಳಿಂದ ಸ್ಲೈಡ್ ಫಿಲ್ಮಿನಲ್ಲಿ ತೆಗೆಯುತ್ತ ಬಂದಿದ್ದೇನೆ. ನನಗೆ ಒಗ್ಗಿದ್ದ ಫಿಲ್ಮುಗಳು ಒಂದೊಂದಾಗಿ ನಿಂತುಹೋದವು, ಉಳಿದವುಗಳ ಬೆಲೆ ಏರುತ್ತಲೇ ಇದೆ. ಸ್ಲೈಡ್ ಫಿಲ್ಮ್ ಪೂರ್ತಿ ನಿಂತೇಹೋಗುತ್ತದೆಯೆ? ಹತ್ತು ವರ್ಷಕ್ಕೆ ಸಾಕಾಗುವಷ್ಟು ರೋಲುಗಳನ್ನು ಈಗಲೇ ಕೊಂಡು ಫ್ರಿಜ್ಜಿನಲ್ಲಿ ಇಟ್ಟುಕೊಳ್ಳಲೆ?
(ಓದುಗರೊಬ್ಬರು, ಬ್ರಹ್ಮಾವರ)

ಉತ್ತರ: ಪೂರ್ತಿ ನಿಂತುಹೋಗುತ್ತದೆ ಎನ್ನಲು ಇಂದು ಆಧಾರವಿಲ್ಲ, ಆದರೆ ನಿಶ್ಚಿಂತೆಯಿಂದಿರಿ ಎಂದು ಹೇಳಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಈಗ ಸ್ಲೈಡ್ ಫಿಲ್ಮನ್ನು ಕೈಗೆ ಸಿಗುವಂತೆ ತಯಾರಿಸುತ್ತಿರುವವರು ಮುಖ್ಯವಾಗಿ ಎರಡೇ ಕಂಪನಿಗಳು. ಅಮೆರಿಕದ ರೋಚೆಸ್ಟರಿನಲ್ಲಿ ಈಸ್ಟ್‌ಮನ್ ಕೊಡಕ್ ತಯಾರಿಸುವ ಎಕ್ಟಾಕ್ರೋಮ್ ಇ100 ಒಂದು ಕಡೆ, ಜಪಾನಿನ ಫ್ಯೂಜಿಫಿಲ್ಮ್ ಕಂಪನಿಯ ವೆಲ್ವಿಯಾ ಮತ್ತು ಪ್ರೋವಿಯಾ 100ಎಫ್ ಇನ್ನೊಂದು ಕಡೆ. ಇಬ್ಬರಲ್ಲಿ ಒಬ್ಬರು ಮನಸ್ಸು ಬದಲಾಯಿಸಿದರೂ ನಮ್ಮ ಆಯ್ಕೆ ಅರ್ಧಕ್ಕೆ ಇಳಿಯುತ್ತದೆ.

ರಾತ್ರಿ ಆಟವನ್ನು ತೆಗೆಯುವ ನಿಮಗೆ ಈ ನಷ್ಟದ ಬಿಸಿ ಉಳಿದವರಿಗಿಂತ ಮೊದಲೇ ತಟ್ಟಿರಬೇಕು. ಕಂಪನಿಗಳು ಮೊದಲು ಕೈಬಿಟ್ಟದ್ದು ಕಡಿಮೆ ಮಾರಾಟವಾಗುತ್ತಿದ್ದ ವಿಶೇಷ ಫಿಲ್ಮುಗಳನ್ನು. ಬಲ್ಬಿನ ಹಳದಿ ಬೆಳಕಿಗೆಂದೇ ಮಾಡಿದ್ದ ಎಕ್ಟಾಕ್ರೋಮ್ 64ಟಿ ಮತ್ತು ಫ್ಯೂಜಿಯ ಟಿ64 ಹೋದವು, ಹೆಚ್ಚು ವೇಗದ, ಅಂದರೆ ಕಡಿಮೆ ಬೆಳಕಿನಲ್ಲೂ ಚಿತ್ರ ಹಿಡಿಯುವ ಪ್ರೋವಿಯಾ 400ಎಕ್ಸ್ ಕೂಡ ಹೋಯಿತು. ಉಳಿದದ್ದು ಹಗಲು ಬೆಳಕಿನ, 50 ಅಥವಾ 100 ವೇಗದ ಫಿಲ್ಮು. ಅದರಲ್ಲಿ ಬಯಲಾಟ ತೆಗೆಯಬೇಕಾದರೆ ಪ್ರೋವಿಯಾ 100ಎಫ್ ಅನ್ನು ಕ್ಯಾಮೆರಾದಲ್ಲಿ 400ಕ್ಕೆ ಇಟ್ಟು ತೆಗೆದು, ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಪುಶ್ ಮಾಡಬೇಕೆಂದು, ಅಂದರೆ ಹೆಚ್ಚು ಹೊತ್ತು ಡೆವಲಪ್ ಮಾಡಬೇಕೆಂದು ರೋಲಿನ ಮೇಲೆಯೇ ಬರೆದು ಲ್ಯಾಬಿಗೆ ಕೊಡುವುದು ಸದ್ಯಕ್ಕಿರುವ ಒಳ್ಳೆಯ ದಾರಿ. ಹೀಗೆ ಪುಶ್ ಮಾಡಿದಾಗ ಕಾಂಟ್ರಾಸ್ಟ್ (ಬೆಳಕು-ನೆರಳಿನ ಅಂತರ) ಏರುತ್ತದೆ. ಸ್ಲೈಡಿಗೆ ಮೊದಲೇ ಅರ್ಧ ಸ್ಟಾಪಿನ ತಪ್ಪನ್ನು ಕೂಡ ತಡೆದುಕೊಳ್ಳುವ ಗುಣವಿಲ್ಲವಾದ್ದರಿಂದ ಬಣ್ಣದ ವೇಷದ ಮುಖದ ಮೇಲಿನ ಬಿಳಿ ಚಿಟ್ಟಿಗಳಿಗೆ ಬೆಳಕು ತುಸು ಹೆಚ್ಚಾದರೂ ಅವುಗಳ ಸಾಲು ಕರಗಿ ಒಂದೇ ಬಿಳಿ ಪಟ್ಟಿಯಂತೆ ಕಾಣುತ್ತದೆ. ಆದ್ದರಿಂದ ಬೆಳಕು ಅಳೆಯುವ ಮೀಟರನ್ನು ಕಪ್ಪು ಹಿನ್ನೆಲೆಗೆ ಹಿಡಿಯದೆ ಮುಖಕ್ಕೇ ಹಿಡಿದು ಅಳೆಯಿರಿ.

ಇನ್ನು ಹತ್ತು ವರ್ಷದ ದಾಸ್ತಾನಿನ ಮಾತು. ಇದನ್ನು ನಾವು ಒಪ್ಪುವುದಿಲ್ಲ. ಫಿಲ್ಮ್ ಕೆಡುತ್ತದೆ ಎಂಬುದು ಇದಕ್ಕೆ ಕಾರಣವಲ್ಲ. 100 ವೇಗದ ಫಿಲ್ಮ್ ಫ್ರೀಜರಿನಲ್ಲಿ ವರ್ಷಗಟ್ಟಲೆ ಚೆನ್ನಾಗಿಯೇ ಉಳಿಯುತ್ತದೆ. ಸ್ಲೈಡ್ ಫಿಲ್ಮಿನ ಆಯುಷ್ಯ ಕಾರ್ಖಾನೆಗಿಂತ ಹೆಚ್ಚಾಗಿ ಅದನ್ನು ತೊಳೆಯುವ (ಡೆವಲಪ್ ಮಾಡುವ) ಲ್ಯಾಬನ್ನು ಅವಲಂಬಿಸಿದೆ ಎಂಬುದೇ ನಿಜವಾದ ಕಾರಣ. 1970ರ ದಶಕದಿಂದ ಬಳಕೆಯಲ್ಲಿರುವ ಇ-6 ಎಂಬ ವಿಧಾನದಲ್ಲಿ ಮೊದಲ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಸರಿಯಾಗಿ 38 ಡಿಗ್ರಿ ಸೆಲ್ಸಿಯಸ್ ಇರಬೇಕು. ದ್ರಾವಣಗಳ ಹದ ಕೆಡದಿರಬೇಕಾದರೆ ಲ್ಯಾಬಿಗೆ ದಿನವೂ ಸಾಕಷ್ಟು ರೋಲುಗಳು ಬರುತ್ತಿರಬೇಕು. ರೋಲುಗಳು ಕಡಿಮೆಯಾದಾಗ ಲ್ಯಾಬಿನವರು ಮೊದಲು ವಾರಕ್ಕೊಮ್ಮೆ ತೊಳೆಯುತ್ತಾರೆ, ಬಳಿಕ ತಿಂಗಳಿಗೊಮ್ಮೆ, ಕೊನೆಗೆ ಯಂತ್ರವನ್ನೇ ನಿಲ್ಲಿಸುತ್ತಾರೆ. ನಿಮ್ಮ ಫ್ರೀಜರಿನಲ್ಲಿ ನೂರು ರೋಲುಗಳಿದ್ದು ತೊಳೆಯುವವರು ಇಲ್ಲವಾದರೆ ಅವುಗಳಿಂದ ಪ್ರಯೋಜನವೇನು? ಒಂದು ಆಟದ ಋತುವಿಗೆ ಬೇಕಾದಷ್ಟು ಕೊಳ್ಳಿ, ತೆಗೆದ ರೋಲನ್ನು ಆಯಾ ತಿಂಗಳೇ ತೊಳೆಯಲು ಕಳುಹಿಸಿ. ಲ್ಯಾಬು ಉಳಿಯುವುದು ನಿಮ್ಮಂಥವರು ಕಳುಹಿಸುವ ರೋಲುಗಳಿಂದಲೇ.

ಫ್ರೀಜರಿನಿಂದ ತೆಗೆದ ರೋಲನ್ನು ಕೂಡಲೇ ಬಿಚ್ಚಬೇಡಿ. ನಮ್ಮ ಕಡೆಯ ತೇವದ ಗಾಳಿಯಲ್ಲಿ ತಣ್ಣಗಿನ ಫಿಲ್ಮಿನ ಮೇಲೆ ನೀರು ಕೂರಲು ಕ್ಷಣವೂ ಬೇಡ. ಡಬ್ಬಿಯ ಮುಚ್ಚಳ ತೆಗೆಯದೆ ನಾಲ್ಕೈದು ಗಂಟೆ ಹೊರಗಿಟ್ಟು ಆಮೇಲೆ ಬಳಸಿ.

ಪ್ರಶ್ನೆ: ಬೇಡಿಕೆ ಕಡಿಮೆಯಾದರೆ ಕಂಪನಿಗಳು ಕಡಿಮೆ ಪ್ರಮಾಣದಲ್ಲಿ ತಯಾರಿಸಬಹುದಲ್ಲವೆ? ಪೂರ್ತಿ ನಿಲ್ಲಿಸಿಬಿಡುವುದೇಕೆ?
(ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮಣಿಪಾಲ)

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಇಡೀ ಸಮಸ್ಯೆಯ ತಿರುಳಿದೆ. ಬಣ್ಣದ ಫಿಲ್ಮನ್ನು ತಯಾರಿಸುವುದೆಂದರೆ ತೆಳುವಾದ ಪಾರದರ್ಶಕ ಹಾಳೆಯ ಮೇಲೆ ಹತ್ತಕ್ಕೂ ಹೆಚ್ಚು ಪದರಗಳನ್ನು, ಪ್ರತಿಯೊಂದನ್ನೂ ಮೈಕ್ರಾನ್ ಲೆಕ್ಕದ ದಪ್ಪದಲ್ಲಿ, ಪೂರ್ತಿ ಕತ್ತಲೆಯಲ್ಲಿ, ಓಡುವ ಯಂತ್ರದ ಮೇಲೆ ಲೇಪಿಸುವುದು. ಈ ಯಂತ್ರಗಳನ್ನು ಕಟ್ಟಿದ್ದು ಜಗತ್ತಿನ ಚಿತ್ರಮಂದಿರಗಳಿಗೆಲ್ಲ ಪ್ರಿಂಟುಗಳನ್ನು ಒದಗಿಸುತ್ತಿದ್ದ ಕಾಲಕ್ಕೆ ತಕ್ಕಂತೆ. ಒಮ್ಮೆ ಯಂತ್ರವನ್ನು ಹೂಡಿ, ಹದಕ್ಕೆ ತಂದು ಓಡಿಸಿದರೆ ಅಗಲವಾದ, ಬಹಳ ಉದ್ದದ ಒಂದು ಮೂಲ ಸುರುಳಿ ಹೊರಬರುತ್ತದೆ. ಅದನ್ನು ಕತ್ತರಿಸಿ ಮಾಡಿದ ರೋಲುಗಳು ಅವಧಿ ಮುಗಿಯುವುದರೊಳಗೆ ಮಾರಾಟವಾಗದಿದ್ದರೆ ಇಡೀ ಸುರುಳಿಯೇ ನಷ್ಟ. ಅರ್ಧ ಸುರುಳಿ ತಯಾರಿಸುತ್ತೇವೆ ಎನ್ನಲು ಬರುವುದಿಲ್ಲ.

ಚಿತ್ರಮಂದಿರಗಳು ಡಿಜಿಟಲ್ ಆಗುತ್ತಿದ್ದಂತೆ ಈ ಯಂತ್ರಗಳಿಗೆ ಕೆಲಸ ಕೊಡುತ್ತಿದ್ದ ದೊಡ್ಡ ಗಿರಾಕಿಯೇ ಕೈತಪ್ಪಿತು. ಕೊಡಕ್ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿತು. ಅದೇ ಮಾರ್ಚಿನಲ್ಲಿ, ಮಾರಾಟ ಕುಸಿದಿದೆ, ತಯಾರಿಕೆ ಜಟಿಲವಾಗಿದೆ ಎಂಬ ಕಾರಣ ಕೊಟ್ಟು ತನ್ನಲ್ಲಿ ಉಳಿದಿದ್ದ ಸ್ಲೈಡ್ ಫಿಲ್ಮುಗಳನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಫ್ಯೂಜಿಫಿಲ್ಮ್ 2013ರಲ್ಲಿ ಸಿನಿಮಾ ಫಿಲ್ಮಿನ ತಯಾರಿಕೆಯಿಂದ ಹೊರನಡೆಯಿತು. ಕೊಡಕ್ಕಿನ ಲೇಪನ ಯಂತ್ರ ಇಂದೂ ಓಡುತ್ತಿದೆಯೆಂದರೆ ಅದಕ್ಕೆ, 2015ರಲ್ಲಿ ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳು ಸಿನಿಮಾ ಫಿಲ್ಮನ್ನು ಕೊಳ್ಳುತ್ತಲೇ ಇರುತ್ತೇವೆಂದು ಮಾಡಿಕೊಂಡ ಒಪ್ಪಂದವೂ ಒಂದು ಮುಖ್ಯ ಕಾರಣ. ಸ್ಲೈಡ್ ಫಿಲ್ಮ್ ಬದುಕಿರುವುದು ಸಿನಿಮಾದ ನೆರಳಿನಲ್ಲಿ.

ನಿಂತದ್ದನ್ನು ಮತ್ತೆ ಆರಂಭಿಸುವುದು ಎಷ್ಟು ಕಷ್ಟವೆಂಬುದಕ್ಕೆ ಎಕ್ಟಾಕ್ರೋಮೇ ಸಾಕ್ಷಿ. ಅದನ್ನು ಮರಳಿ ತರುತ್ತೇವೆಂದು 2017ರ ಜನವರಿಯಲ್ಲಿ ಪ್ರಕಟಣೆ ಹೊರಟಿತು, ರೋಲು ಅಂಗಡಿಗೆ ಬರುವಾಗ 2018ರ ಸೆಪ್ಟೆಂಬರ್ ಆಗಿತ್ತು. ಹಳೆಯ ಸೂತ್ರದಲ್ಲಿದ್ದ ಹಲವು ರಾಸಾಯನಿಕಗಳನ್ನು ತಯಾರಿಸುವವರೇ ಅಷ್ಟರೊಳಗೆ ಇಲ್ಲವಾಗಿದ್ದರು. ಕಟ್ಟಿದ ಕಾರ್ಖಾನೆ, ಕೆಲಸ ಬಲ್ಲ ಜನ ಎರಡೂ ಇದ್ದ ಕೊಡಕ್ಕಿಗೇ ಹೀಗಾದರೆ ಉಳಿದವರ ಪಾಡು ಹೇಳಬೇಕಾಗಿಲ್ಲ. ಇಟಲಿಯ ಫೆರಾನಿಯಾದಲ್ಲಿ ಹಳೆಯ ಕಾರ್ಖಾನೆಯ ಒಂದು ಭಾಗವನ್ನು ಉಳಿಸಿಕೊಂಡು ಹೊಸ ಸ್ಲೈಡ್ ಫಿಲ್ಮ್ ಮಾಡುತ್ತೇವೆಂದು 2014ರಲ್ಲಿ ಸಾರ್ವಜನಿಕರಿಂದ ಹಣ ಸಂಗ್ರಹಿಸಿದವರು 2017ರಲ್ಲಿ ಮಾರುಕಟ್ಟೆಗೆ ತಂದದ್ದು ಕಪ್ಪುಬಿಳುಪು ಫಿಲ್ಮನ್ನು.

ಮಾರಾಟಕ್ಕೆ ಸಂಬಂಧವೇ ಇಲ್ಲದ ಕಾರಣಗಳೂ ಇವೆ. 2021ರಲ್ಲಿ ಅಮೆರಿಕದ ಪರಿಸರ ಇಲಾಖೆ ಒಂದು ರಾಸಾಯನಿಕವನ್ನು ನಿರ್ಬಂಧಿಸಿತು. ವೆಲ್ವಿಯಾ 100ರಲ್ಲಿ ಅದರ ಅಂಶ ಅತ್ಯಲ್ಪ ಪ್ರಮಾಣದಲ್ಲಿತ್ತು. ಅಷ್ಟಕ್ಕೇ ಆ ಫಿಲ್ಮನ್ನು ಆ ದೇಶದಲ್ಲಿ ಮಾರುವುದನ್ನು ಫ್ಯೂಜಿ ನಿಲ್ಲಿಸಬೇಕಾಯಿತು.

ನಮ್ಮ ನೆರೆಯ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಹೆಸರಿನಲ್ಲಿ ಕಪ್ಪುಬಿಳುಪು ಫಿಲ್ಮನ್ನೂ ಎಕ್ಸ್‌ರೇ ಫಿಲ್ಮನ್ನೂ ತಯಾರಿಸುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. ಫಿಲ್ಮಿನ ವಿದ್ಯೆ ನಮ್ಮ ನೆಲದಲ್ಲಿಯೂ ಇತ್ತು. ಆ ಕಾರ್ಖಾನೆ ಮುಚ್ಚಿದ್ದಕ್ಕೆ ನಮಗೆ ಇಂದಿಗೂ ದುಃಖವಿದೆ.

ಪ್ರಶ್ನೆ: ತೀರಿಹೋದ ತಂದೆಯವರ ಕಪಾಟಿನಲ್ಲಿ ತೊಳೆಸದೆ ಉಳಿದ ಕೆಲವು ರೋಲುಗಳು ಸಿಕ್ಕಿವೆ. ಎರಡರ ಮೇಲೆ ಕೊಡಾಕ್ರೋಮ್ 64 ಎಂದಿದೆ, ಉಳಿದವು ಎಕ್ಟಾಕ್ರೋಮ್. ಇವುಗಳಿಂದ ಚಿತ್ರ ತೆಗೆಯಲು ಸಾಧ್ಯವೆ?
(ಓದುಗರೊಬ್ಬರು, ಕದ್ರಿ, ಮಂಗಳೂರು)

ಉತ್ತರ: ಎಕ್ಟಾಕ್ರೋಮ್ ರೋಲುಗಳ ಮೇಲೆ ಇ-6 ಎಂದು ಅಚ್ಚಾಗಿದ್ದರೆ ಅವುಗಳನ್ನು ಇಂದಿಗೂ ತೊಳೆಸಬಹುದು. ಬಣ್ಣ ಜಾರಿರುತ್ತದೆ, ಕಪ್ಪು ಮಾಸಿರುತ್ತದೆ, ಆದರೂ ಮುಖಗಳ ಗುರುತು ಸಿಗುವ ಸಂಭವ ಚೆನ್ನಾಗಿಯೇ ಇದೆ. ಸ್ಟುಡಿಯೋಗೆ ಕೊಡುವಾಗ ಇದು ಸ್ಲೈಡ್, ನೆಗೆಟಿವ್ ತೊಳೆಯುವ ಸಿ-41ರಲ್ಲಿ ಹಾಕಬಾರದು ಎಂದು ಬಾಯಲ್ಲಿಯೂ ಹೇಳಿ, ಲಕೋಟೆಯ ಮೇಲೆಯೂ ಬರೆಯಿರಿ.

ಕೊಡಾಕ್ರೋಮಿನ ಕತೆ ಬೇರೆ. 1935ರಲ್ಲಿ ಬಂದ ಆ ಫಿಲ್ಮಿನ ಒಳಗೆ ಬಣ್ಣ ಹುಟ್ಟಿಸುವ ವಸ್ತುವೇ ಇರಲಿಲ್ಲ. ಮೂರು ಬಣ್ಣಗಳನ್ನೂ ತೊಳೆಯುವಾಗ ಒಂದೊಂದಾಗಿ ಸೇರಿಸಬೇಕಿತ್ತು. ಅದಕ್ಕೆ ಪ್ರತ್ಯೇಕ ಯಂತ್ರವೂ ನುರಿತ ರಸಾಯನ ತಜ್ಞರೂ ಬೇಕಿದ್ದರು. ಕೊಡಕ್ 2009ರಲ್ಲಿ ಫಿಲ್ಮನ್ನು ನಿಲ್ಲಿಸಿತು. ಜಗತ್ತಿನಲ್ಲಿ ಉಳಿದಿದ್ದ ಒಂದೇ ಲ್ಯಾಬು ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಾರ್ಸನ್ಸ್ ಎಂಬ ಪುಟ್ಟ ಊರಿನಲ್ಲಿತ್ತು. ಅದು 2010ರ ಡಿಸೆಂಬರ್ 30ರವರೆಗೆ ಬಂದ ರೋಲುಗಳನ್ನು ಮಾತ್ರ ಸ್ವೀಕರಿಸಿತು. ಹಾಗಾಗಿ ನಿಮ್ಮ ಎರಡು ರೋಲುಗಳಿಂದ ಬಣ್ಣದ ಚಿತ್ರವನ್ನು ನಿರೀಕ್ಷಿಸಲಾಗದು. ಹಳೆಯ ಫಿಲ್ಮುಗಳಲ್ಲಿ ಪಳಗಿದ ಲ್ಯಾಬುಗಳು ಅವುಗಳನ್ನು ಕಪ್ಪುಬಿಳುಪು ನೆಗೆಟಿವ್ ಆಗಿ ತೊಳೆದುಕೊಡಬಲ್ಲವು. ತಂದೆಯವರು ತೆಗೆದ ಚಿತ್ರಗಳಾದ್ದರಿಂದ ಖರ್ಚಾದರೂ ಇದನ್ನು ಮಾಡಿಸಿ ಎಂದೇ ನಮ್ಮ ಸಲಹೆ. ಮೊದಲು ಒಂದನ್ನು ಕಳುಹಿಸಿ, ಫಲಿತಾಂಶ ನೋಡಿಕೊಂಡು ಇನ್ನೊಂದನ್ನು ಕಳುಹಿಸಿ.

ಪ್ರಶ್ನೆ: ಹಳೆಯ ಸ್ಲೈಡ್ ಪ್ರೊಜೆಕ್ಟರ್ ಈಗ ಕೊಳ್ಳಬಹುದೆ?
(ನಿವೃತ್ತ ಅಧ್ಯಾಪಕರು, ಕಾರ್ಕಳ)

ಉತ್ತರ: ಕೊಳ್ಳಬಹುದು, ಆದರೆ ಹೊಸದು ಸಿಗುತ್ತದೆಂದು ಕಾಯಬೇಡಿ, ಕೊಡಕ್ 2004ರಲ್ಲೇ ಪ್ರೊಜೆಕ್ಟರುಗಳ ತಯಾರಿಕೆಯನ್ನು ನಿಲ್ಲಿಸಿದೆ. ಯಂತ್ರವನ್ನು ನೋಡುವುದಕ್ಕೆ ಮೊದಲು ಅದರ ಬಲ್ಬು ಯಾವುದೆಂದು ನೋಡಿ, ಅಂಥ ಬಲ್ಬು ಈಗಲೂ ಸಿಗುವುದಾದರೆ ಮಾತ್ರ ಮುಂದುವರಿಯಿರಿ. ಒಳಗಿನ ಶಾಖ ತಡೆಯುವ ಗಾಜು ಒಡೆದಿರಬಾರದು. ಅದು ಇಲ್ಲದಿದ್ದರೆ ಸ್ಲೈಡು ಸುಡುತ್ತದೆ.

ಪ್ರಶ್ನೆ: ಮಳೆಗಾಲ ಮುಗಿದು ಪೆಟ್ಟಿಗೆ ತೆರೆದಾಗ ಸ್ಲೈಡುಗಳ ಮೇಲೆ ಜೇಡರ ಬಲೆಯಂಥ ಬೂಸ್ಟು ಕಂಡಿತು. ಒದ್ದೆ ಬಟ್ಟೆಯಲ್ಲಿ ಒರೆಸಬಹುದೆ? ಮುಂದೆ ಹೇಗೆ ಕಾಪಾಡಲಿ?
(ಓದುಗರೊಬ್ಬರು, ಮೂಡುಬಿದಿರೆ)

ಉತ್ತರ: ದಯವಿಟ್ಟು ನೀರು ಸೋಕಿಸಬೇಡಿ. ಚಿತ್ರವಿರುವುದು ಜೆಲಟಿನ್ ಪದರದಲ್ಲಿ, ಬೂಸ್ಟು ತಿನ್ನುವುದೂ ಅದನ್ನೇ. ಬೂಸ್ಟು ಹಿಡಿದ ಜೆಲಟಿನ್ ನೀರಿನಲ್ಲಿ ಕರಗುವಂತಾಗಿರುತ್ತದೆ, ಒರೆಸಿದರೆ ಬೂಸ್ಟಿನೊಂದಿಗೆ ಚಿತ್ರವೂ ಎದ್ದುಬರುತ್ತದೆ. ಮೊದಲು ಗಾಳಿಯಾಡುವ ಒಣ ಜಾಗದಲ್ಲಿ ಸ್ಲೈಡುಗಳನ್ನು ಹರಡಿ, ಮೆತ್ತನೆಯ ಕುಂಚದಿಂದ ಮೇಲ್ಪದರವನ್ನು ಹಾರಿಸಿ. ಬಳಿಕ ರಟ್ಟಿನ ಚೌಕಟ್ಟಿನಿಂದ ಫಿಲ್ಮನ್ನು ಬಿಡಿಸಿ, 99 ಪ್ರತಿಶತ ಶುದ್ಧತೆಯ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತುಸುವೇ ಅದ್ದಿದ ಹತ್ತಿಯನ್ನು ಒತ್ತದೆ ಒಂದೇ ದಿಕ್ಕಿನಲ್ಲಿ ಆಡಿಸಿ. ಮುಖ್ಯವಲ್ಲದ ಒಂದು ಸ್ಲೈಡಿನಲ್ಲಿ ಪರೀಕ್ಷಿಸಿಯೇ ಉಳಿದವನ್ನು ಮುಟ್ಟಿ. ತೇವ ಹೀರುವ ರಟ್ಟಿನ ಚೌಕಟ್ಟನ್ನು ಬಿಸಾಡಿ ಪ್ಲಾಸ್ಟಿಕ್ ಚೌಕಟ್ಟು ಹಾಕಿ, ಆದರೆ ಅದರ ಮೇಲಿನ ಬರಹವನ್ನು ಮೊದಲು ನಕಲು ಮಾಡಿಕೊಳ್ಳಿ.

ಗಾಳಿಯ ತೇವಾಂಶ 60 ಪ್ರತಿಶತ ದಾಟಿದರೆ ಬೂಸ್ಟಿಗೆ ಅನುಕೂಲ, ನಮ್ಮ ಆಟಿ ತಿಂಗಳಿನಲ್ಲಿ ಅದು ಅದಕ್ಕಿಂತ ಬಹಳ ಮೇಲಿರುತ್ತದೆ. ಆದ್ದರಿಂದ ಕಪಾಟೊಂದನ್ನೇ ನಂಬಬೇಡಿ. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನೊಂದಿಗೆ ಇಡಿ, ಹರಳಿನ ಬಣ್ಣ ಬದಲಾದಾಗ ಅದನ್ನು ಬಿಸಿಮಾಡಿ ಒಣಗಿಸಿ ಮತ್ತೆ ಹಾಕಿ. ನುಸಿಗುಳಿಗೆಯಿಂದ ಬೂಸ್ಟು ನಿಲ್ಲುವುದಿಲ್ಲ. ಪಿವಿಸಿ ಹಾಳೆಯ ಪಾಕೀಟುಗಳ ಬದಲು ಪಾಲಿಪ್ರೊಪಿಲೀನ್ ಪಾಕೀಟುಗಳನ್ನು ಬಳಸಿ.

ಸ್ಲೈಡಿಗೆ ನೆಗೆಟಿವ್ ಎಂಬುದಿಲ್ಲ. ಕ್ಯಾಮೆರಾದೊಳಗಿದ್ದ ಫಿಲ್ಮಿನ ತುಂಡೇ ಕೈಯಲ್ಲಿರುವ ಸ್ಲೈಡು. ಹೀಗಾಗಿ ಸ್ವಚ್ಛಗೊಳಿಸಿದವುಗಳನ್ನು ಮ್ಯಾಕ್ರೋ ಲೆನ್ಸಿನಿಂದಲೋ ಸ್ಕ್ಯಾನರಿನಿಂದಲೋ ಡಿಜಿಟಲ್ ಪ್ರತಿ ಮಾಡಿಕೊಳ್ಳಿ, ಬೂಸ್ಟು ಹೆಚ್ಚಾಗಿ ತಿಂದವುಗಳನ್ನೇ ಮೊದಲು ಕೈಗೆತ್ತಿಕೊಳ್ಳಿ. ಪ್ರತಿಯಾಯಿತೆಂದು ಮೂಲವನ್ನು ಎಸೆಯಬೇಡಿ, ಸ್ವಚ್ಛವಾದವುಗಳ ಜೊತೆ ಬೂಸ್ಟು ಹಿಡಿದವನ್ನು ಒಂದೇ ಡಬ್ಬಿಯಲ್ಲಿ ಇಡಲೂಬೇಡಿ.