ಧ್ವಜದ ಬಗ್ಗೆ ನೀವು ಕಳಿಸಿದ ಲೇಖನ, ಅದರ ಮೂರನೇ ಪ್ಯಾರಾ

ನಮಸ್ಕಾರ. ರಾಷ್ಟ್ರಧ್ವಜ ಹೇಗೆ ಬದಲಾಗ್ತಾ ಬಂತು ಅಂತ ನೀವು ಬರೆದು ಕಳಿಸಿದ ಲೇಖನ ನಿನ್ನೆ ರಾತ್ರಿ ಓದಿದೆ. ಭಾಷೆ ಸಲೀಸಾಗಿದೆ, ಕಾಗುಣಿತ ಚೊಕ್ಕ, 1906ರ ಕಲ್ಕತ್ತಾ ಧ್ವಜದಿಂದ 1947ರ ಜುಲೈ 22ರವರೆಗೆ ಇಸವಿಗಳೂ ಸರಿಯಾಗಿವೆ. ಆದ್ರೆ ಈಗಿರೋ ಹಾಗೆ ಹಾಕೋಕಾಗಲ್ಲ. ಮೂರನೇ ಪ್ಯಾರಾ ಓದಿ ನನಗೆ ನಿಜವಾಗ್ಲೂ ಸಿಟ್ಟು ಬಂತು, ಹಾಗಾಗಿ ಅದೊಂದನ್ನೇ ಹಿಡ್ಕೊಂಡು ಮಾತಾಡ್ತೀನಿ.

ಮೊದಲ ಸಾಲು: "1921ರಲ್ಲಿ ಬೆಜವಾಡದಲ್ಲಿ ಪಿಂಗಳಿ ವೆಂಕಯ್ಯನವರು ಧ್ವಜ ರಚಿಸಿದರು, ಗಾಂಧೀಜಿ ಬಿಳಿ ಬಣ್ಣ ಸೇರಿಸಿದರು." ಅಷ್ಟೇನಾ? ಈ ಕಥೇನ ಗಾಂಧೀಜಿ ತಾವೇ ಆ ವರ್ಷದ ಏಪ್ರಿಲ್ 13ರ ತಮ್ಮ ವಾರಪತ್ರಿಕೆ ಯಂಗ್ ಇಂಡಿಯಾದಲ್ಲಿ ಬರೆದಿದ್ದಾರೆ. ಚರಕ ಇರ್ಲಿ ಅಂದವರು ಜಲಂಧರಿನ ಲಾಲಾ ಹಂಸರಾಜ್, ಹಿಂದೂಗಳ ಕೆಂಪು, ಮುಸ್ಲಿಮರ ಹಸಿರಿನ ಮೇಲೆ ಚರಕ ಇರೋ ನಮೂನೆ ಮಾಡ್ಕೊಡಿ ಅಂತ ಗಾಂಧೀಜಿ ವೆಂಕಯ್ಯನವರನ್ನ ಕೇಳಿದ್ರು, ಮೂರು ಗಂಟೆಯಲ್ಲಿ ಬಾವುಟ ಕೈಗೆ ಬಂತು, ಆದ್ರೂ ಕಾಂಗ್ರೆಸ್ ಸಮಿತಿ ಮುಂದೆ ಇಡೋಕೆ ಸ್ವಲ್ಪ ತಡ ಆಗೋಯ್ತು. ತಡ ಆಗಿದ್ದೇ ಒಳ್ಳೇದಾಯ್ತು ಅಂತಾರೆ ಅವರು, ಯಾಕಂದ್ರೆ ಆಮೇಲೆ ಯೋಚನೆ ಮಾಡಿದಾಗ ಉಳಿದ ಧರ್ಮದವರಿಗೂ ಇದರಲ್ಲಿ ಜಾಗ ಬೇಕು ಅಂತ ಅನಿಸಿ ಬಿಳಿ ಸೇರಿಸಿದ್ರು. ಅದೂ ಎಲ್ಲಿ? ಎಲ್ಲಕ್ಕಿಂತ ಮೇಲೆ! ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು, ಸಂಖ್ಯೆಯಲ್ಲಿ ಕಮ್ಮಿ ಇರೋರು ಮೊದಲು, ಬಲ ಇರೋರು ಅವರಿಗೆ ರಕ್ಷಣೆಯಾಗಿ ಕೊನೆಗೆ. ಇಂಥದ್ದನ್ನ ಬಿಟ್ಟು ಬರೀ "ಸೇರಿಸಿದರು" ಅಂತ ಮುಂದಕ್ಕೆ ಹೋಗೋಕೆ ನಿಮಗೆ ಹೇಗೆ ಮನಸ್ಸು ಬಂತು?

ಎರಡನೇ ಸಾಲು ಇನ್ನೂ ತೊಂದರೆಯದ್ದು: "ಕೇಸರಿ ಹಿಂದೂಗಳನ್ನು, ಹಸಿರು ಮುಸ್ಲಿಮರನ್ನು, ಬಿಳಿ ಇತರರನ್ನು ಪ್ರತಿನಿಧಿಸುತ್ತದೆ." ಇದನ್ನ ಇವತ್ತಿನ ಧ್ವಜದ ಬಗ್ಗೆ ಹೇಳಿದ್ದೀರಿ. 1921ರಲ್ಲಿ ಕೇಸರಿ ಇರಲೇ ಇಲ್ಲ, ಕೆಂಪಿತ್ತು. ಧರ್ಮಕ್ಕೊಂದು ಬಣ್ಣ ಅಂದಮೇಲೆ ನಮ್ಮ ಬಣ್ಣ ಎಲ್ಲಿ ಅಂತ ಸಿಖ್ಖರು ಕೇಳಿದ್ರು, ನ್ಯಾಯವಾದ ಪ್ರಶ್ನೆಯೇ. ಅದಕ್ಕೇ 1931ರಲ್ಲಿ ಏಳು ಜನರ ಸಮಿತಿ ಆಯ್ತು, ಪಟೇಲ್, ನೆಹರು, ಆಜಾದ್, ಸಿಖ್ ನಾಯಕ ತಾರಾ ಸಿಂಗ್ ಅವರ ಜೊತೆ ಸೇವಾದಳ ಕಟ್ಟಿದ ನಮ್ಮ ಹುಬ್ಬಳ್ಳಿಯ ನಾ.ಸು. ಹರ್ಡೀಕರ್ ಕೂಡ ಅದರಲ್ಲಿದ್ರು. (ಹುಬ್ಬಳ್ಳಿಯಿಂದಲೇ ಬರೆಯೋ ನೀವು ಅವರ ಹೆಸರನ್ನೇ ಎತ್ತಿಲ್ಲ!) ಸಮಿತಿ ಹೇಳಿದ್ದು ಪೂರ್ತಿ ಕೇಸರಿ ಬಾವುಟ, ಅದರ ಮೇಲೆ ಕೆಂಗಂದು ಚರಕ. ಕಾಂಗ್ರೆಸ್ ಅದನ್ನ ಒಪ್ಪಲಿಲ್ಲ. ಮೂರು ಬಣ್ಣ ಉಳಿಸ್ಕೊಂಡು, ಕೆಂಪಿನ ಬದಲು ಕೇಸರಿ ತಂದು, ಅದನ್ನ ಮೇಲಕ್ಕೆ ಹಾಕಿ, ಈ ಬಣ್ಣಗಳಿಗೆ ಯಾವ ಜಾತಿ ಧರ್ಮದ ಅರ್ಥವೂ ಇಲ್ಲ, ಕೇಸರಿ ಅಂದ್ರೆ ಧೈರ್ಯ ತ್ಯಾಗ, ಬಿಳಿ ಅಂದ್ರೆ ಸತ್ಯ ಶಾಂತಿ, ಹಸಿರು ಅಂದ್ರೆ ನಂಬಿಕೆ ಶೌರ್ಯ ಅಂತ ಠರಾವು ಮಾಡಿದ್ರು. ಅಂದ್ರೆ ಅವರು ಬೇಕು ಅಂತಲೇ ಕೈಬಿಟ್ಟ ಅರ್ಥಾನ ನೀವು ವಾಪಸ್ ತಂದು ಕೂರಿಸಿದ್ದೀರಿ. ಇದು ನಮ್ಮ ಪತ್ರಿಕೇಲಿ ಅಚ್ಚಾಗೋದು ನನಗೆ ಬೇಡ.

ಕೊನೆ ಸಾಲು: "1947ರಲ್ಲಿ ಚರಕದ ಜಾಗದಲ್ಲಿ ಅಶೋಕ ಚಕ್ರ ಬಂದಿತು." ಯಾಕೆ ಬಂತು? ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಹಿರಿಯ ಉಪಸಂಪಾದಕರೊಬ್ಬರು ಪ್ರೂಫ್ ಅಂಚಲ್ಲಿ ಪೆನ್ಸಿಲ್‌ನಿಂದ "ಯಾಕೆ?" ಅಂತ ಬರೆಯೋರು, ಅದಕ್ಕೆ ಉತ್ತರ ಸಿಗೋತನಕ ಪುಟ ಬಿಡ್ತಿರಲಿಲ್ಲ, ಎಷ್ಟು ದೊಡ್ಡವರ ಲೇಖನ ಆದ್ರೂ ಅಷ್ಟೇ. ಒಂದು ಆಗಸ್ಟ್‌ನಲ್ಲಿ ನನ್ನನ್ನ ರಾಷ್ಟ್ರಧ್ವಜ ತಯಾರು ಮಾಡೋ ಹುಬ್ಬಳ್ಳಿಯ ಬೆಂಗೇರಿ ಖಾದಿ ಕೇಂದ್ರಕ್ಕೆ ಕಳಿಸಿದ್ರು, ಇಸವಿ ಬೇಡ, ಚಕ್ರ ಹೇಗೆ ಹಾಕ್ತಾರೆ ನೋಡ್ಕೊಂಡು ಬಾ ಅಂತ. ಅಲ್ಲಿ ಬಿಳಿ ಬಟ್ಟೆಯ ಎರಡೂ ಮಗ್ಗುಲಿಗೆ ಚಕ್ರ ಅಚ್ಚು ಹಾಕ್ತಾರೆ, ಈ ಕಡೆಯ ಕಡ್ಡಿ ಮೇಲೇ ಆ ಕಡೆಯ ಕಡ್ಡಿ ಕೂರಬೇಕು, 24ಕ್ಕೆ 24, ಒಂದೆಳೆ ಆಚೀಚೆ ಆದ್ರೂ ಬೆಳಕಿಗೆ ಹಿಡಿದಾಗ ಕಾಣುತ್ತೆ. ಸಂವಿಧಾನ ಸಭೆಯಲ್ಲಿ ನೆಹರು ಕೊಟ್ಟ ಕಾರಣ ನನಗೆ ಅರ್ಥ ಆಗಿದ್ದು ಅಲ್ಲೇ. ಚರಕದಲ್ಲಿ ಒಂದು ಕಡೆ ಚಕ್ರ, ಇನ್ನೊಂದು ಕಡೆ ನೂಲು ಸುತ್ತೋ ಕದಿರು, ಬಾವುಟ ಹಿಂದಿನಿಂದ ನೋಡಿದ್ರೆ ಉಲ್ಟಾ ಆಗುತ್ತೆ, ಧ್ವಜ ಎರಡೂ ಕಡೆಯಿಂದ ಒಂದೇ ಥರ ಕಾಣಬೇಕು. ಹಾಗಾಗಿ ಚರಕದಿಂದ ಚಕ್ರ ಮಾತ್ರ ಉಳಿಸ್ಕೊಂಡು, ಅದಕ್ಕೆ ಸಾರನಾಥದ ಅಶೋಕ ಸ್ತಂಭದ ಚಕ್ರದ ರೂಪ ಕೊಟ್ರು. ಈ ಚಕ್ರ ಚರಕವನ್ನ ಸೂಚಿಸುತ್ತೆ ಅಂತ ಆ ನಿರ್ಣಯದಲ್ಲೇ ಇದೆ. ಚರಕ ಹೋಯ್ತು ಅನ್ನೋ ಥರ ನೀವು ಬರೆದಿದ್ದೀರಿ, ಅದು ಹೋಗಿಲ್ಲರೀ.

ಉಳಿದ ಪ್ಯಾರಾಗಳ ಬಗ್ಗೆ ಏನೂ ಹೇಳಲ್ಲ. ಮೂರನೇದನ್ನೇ ಇಡೀ ಲೇಖನ ಮಾಡಿ, 1906 ಮತ್ತೆ ಹೋಮ್ ರೂಲ್ ಧ್ವಜ ಎರಡೆರಡು ಸಾಲಲ್ಲಿ ಮುಗಿಸಿ, 1931ಕ್ಕೆ ಜಾಸ್ತಿ ಜಾಗ ಕೊಡಿ. ಬರೆಯೋಕೆ ಮುಂಚೆ ಒಂದ್ಸಲ ಬೆಂಗೇರಿಗೆ ಹೋಗಿ ಬನ್ನಿ, ನಿಮ್ಮನೆಯಿಂದ ದೂರ ಏನಿಲ್ಲ. ಆಗಸ್ಟ್ ಸಂಚಿಕೆಯ ಪುಟ ಇನ್ನೂ ಕಟ್ಟಿಲ್ಲ, ಕಾಯ್ತೀನಿ.