ಕನ್ನಡ ಎಂ.ಎ. ನಂತರ ಎಚ್‌ಆರ್: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಹೆಸರನ್ನೂ ಮನೆಯ ಕೆಲವು ವಿವರಗಳನ್ನೂ ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಇಲ್ಲಿ ಮಹಾದೇವಿ ಎಂದು ಕರೆದಿರುವ 24 ವರ್ಷದ ಯುವತಿ ಕಲಬುರಗಿ ಜಿಲ್ಲೆಯ ತೊಗರಿ ಬೆಳೆಯುವ ಹಳ್ಳಿಯೊಂದರವರು. ನಗರದಲ್ಲಿ ಕೋಣೆ ಹಿಡಿದು ಓದಿ, ಕನ್ನಡ ಎಂ.ಎ.ಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿ, ಕಾಲೇಜು ಅಧ್ಯಾಪಕ ಹುದ್ದೆಗೆ ಅರ್ಹತೆ ಕೊಡುವ ನೆಟ್ ಪರೀಕ್ಷೆಯನ್ನು ಎರಡು ಸಲ ಬರೆದು ತೇರ್ಗಡೆಯಾಗದೆ, ಮಾನವ ಸಂಪನ್ಮೂಲದಲ್ಲಿ (ಎಚ್‌ಆರ್) ಮತ್ತೊಂದು ಸ್ನಾತಕೋತ್ತರ ಪದವಿ ಪಡೆಯುವ ಆಲೋಚನೆಯೊಂದಿಗೆ ಅವರು ಬಂದಿದ್ದರು. ಸಾಹಿತ್ಯ ಓದಿದವರಿಗೆ ಎಂ.ಬಿ.ಎ. ಸೀಟು ಕೊಡುತ್ತಾರೆಯೇ ಎಂಬುದು ಅವರ ಮೊದಲ ಪ್ರಶ್ನೆ.

ಅದಕ್ಕೆ ಉತ್ತರಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಮೂಲಕ ಎಂ.ಬಿ.ಎ. ಸೇರಲು ಯಾವುದೇ ವಿಷಯದ ಪದವಿಯಲ್ಲಿ ಶೇ. 50 ಅಂಕಗಳಿದ್ದರೆ ಸಾಕು. ಪರಿಶಿಷ್ಟ ಜಾತಿ, ಪಂಗಡ ಹಾಗೂ ಪ್ರವರ್ಗ-1ರವರಿಗೆ ಶೇ. 45. ಇಲ್ಲಿ ಲೆಕ್ಕಕ್ಕೆ ಬರುವುದು ಬಿ.ಎ. ಅಂಕಗಳೇ ಹೊರತು ಎಂ.ಎ. ಅಂಕಗಳಲ್ಲ. ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಸಂವಿಧಾನದ 371ಜೆ ವಿಧಿಯ ಅಡಿಯ ಮೀಸಲಾತಿಯೂ ಇದೆ.

ನನಗೆ ಮುಖ್ಯವೆನಿಸಿದ್ದು ಎಚ್‌ಆರ್ ಏಕೆ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ: “ಮಂದಿ ಕಷ್ಟ ಕೇಳೂದು ನಂಗ ಬರ್ತದ ಮೇಡಂ. ಕಥಿ, ಕಾದಂಬರಿ ಓದಿ ಓದಿ ಅದೊಂದು ಕಲ್ತೀನಿ.” ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಹಾಜರಿ, ರಜೆ, ಪಗಾರ, ಭವಿಷ್ಯನಿಧಿ, ಗುತ್ತಿಗೆದಾರರ ಬಿಲ್ಲು, ನೋಟಿಸು ಇವುಗಳ ನಡುವೆಯೇ ಆ ಹುದ್ದೆಯವರ ದಿನ ಕಳೆಯುತ್ತದೆ. ಅಷ್ಟೇ ಅಲ್ಲದೆ, ಕಾರ್ಮಿಕ ಎದುರು ಕುಳಿತು ಕಣ್ಣೀರು ಹಾಕುವಾಗಲೂ ಕೇಳುತ್ತಿರುವವರ ಸಂಬಳ ಬರುವುದು ಆಡಳಿತದಿಂದಲೇ ಎಂಬುದನ್ನು ಮರೆಯುವಂತಿಲ್ಲ.

ಎರಡನೆಯ ಭೇಟಿಯಲ್ಲಿ ಒಂದು ಅಭ್ಯಾಸ ಕೊಟ್ಟೆ. ಕಾರ್ಮಿಕನೊಬ್ಬ ತೊಗರಿ ರಾಶಿಗೆಂದು ಹೇಳದೆ ಕೇಳದೆ 12 ದಿನ ಗೈರುಹಾಜರಾಗಿದ್ದಾನೆ. ಅವನಿಗೊಂದು ನೋಟಿಸು, ವ್ಯವಸ್ಥಾಪಕರಿಗೊಂದು ಟಿಪ್ಪಣಿ ಬರೆಯಬೇಕು. ಮಹಾದೇವಿ ಬರೆದು ತಂದ ಒಂದೂವರೆ ಪುಟದಲ್ಲಿ ಆ ಕಾರ್ಮಿಕನ ಹೊಲವಿತ್ತು, ಸಾಲವಿತ್ತು, ಮುದಿ ತಾಯಿಯಿದ್ದಳು. ಗೈರಾದ ದಿನಾಂಕಗಳಿರಲಿಲ್ಲ, ಯಾವ ನಿಯಮ ಮುರಿದಿದ್ದಾನೆಂಬುದಿರಲಿಲ್ಲ, ಉತ್ತರಿಸಲು ಗಡುವಿರಲಿಲ್ಲ. (ಬರಹ ಸೊಗಸಾಗಿತ್ತೆಂದು ನಾನು ಒಪ್ಪಲೇಬೇಕು.) ನಾಲ್ಕು ಸಲ ತಿದ್ದಿದ ಮೇಲೆ ಅದು ಹನ್ನೊಂದು ಸಾಲಿನ ನೋಟಿಸಾಯಿತು, ಮತ್ತು ಆ ಕಾರ್ಮಿಕ ತನ್ನ ಕಾರಣ ಹೇಳಿಕೊಳ್ಳಲು ಅದರಲ್ಲಿ ಜಾಗವೂ ಉಳಿಯಿತು.

ಶುಲ್ಕ ಕಟ್ಟುವ ಮೊದಲು ಮೂರು ವಾರ ಯಾವುದಾದರೂ ಕಾರ್ಖಾನೆಯಲ್ಲಿ ಹಾಜರಿ ಲೆಕ್ಕ ಇಡುವ ಟೈಮ್ ಆಫೀಸಿನಲ್ಲಿ ಕುಳಿತು ಬರಬೇಕೆಂಬುದು ನನ್ನ ಮೊದಲ ಸಲಹೆಯಾಗಿತ್ತು. ಸೋದರಮಾವನ ಪರಿಚಯದಿಂದ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಅದಕ್ಕೆ ಅವಕಾಶ ಸಿಕ್ಕಿತು. ಹಿಂದಿರುಗಿದಾಗ ಅವರ ಮಾತಿನ ಧಾಟಿ ಬದಲಾಗಿತ್ತು: “ಅಲ್ಲಿ ಯಾರೂ ಕಥಿ ಹೇಳೂದಿಲ್ಲ ಮೇಡಂ. ಪಗಾರ ಯಾಕ ಕಡಿಮಿ ಬಂತು ಅಂತ ಕೇಳ್ತಾರ.” ಇಂಗ್ಲಿಷಿನಲ್ಲಿದ್ದ ಪಗಾರ ಚೀಟಿಯ ಕಡಿತಗಳನ್ನು ಒಂದೊಂದಾಗಿ ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸ ತಾನಾಗಿಯೇ ಅವರ ಪಾಲಿಗೆ ಬಂದಿತ್ತು, ಅದು ಅವರಿಗೆ ಬೇಸರ ತಂದಿರಲಿಲ್ಲ. ನನ್ನ ಮಟ್ಟಿಗೆ ಯಾವ ಅಭಿರುಚಿ ಪರೀಕ್ಷೆಗಿಂತಲೂ ಇದು ಹೆಚ್ಚಿನ ಆಧಾರ.

ಆ ಬಳಿಕವೇ ಕೋರ್ಸಿನ ವಿಷಯಕ್ಕೆ ಬಂದೆವು. ಎಂ.ಬಿ.ಎ.ಯಲ್ಲಿ ಮೊದಲ ವರ್ಷ ಬಹುಮಟ್ಟಿಗೆ ಲೆಕ್ಕಶಾಸ್ತ್ರ, ಸಂಖ್ಯಾಶಾಸ್ತ್ರ, ಮಾರುಕಟ್ಟೆ ನಿರ್ವಹಣೆಯಂಥ ಸಾಮಾನ್ಯ ವಿಷಯಗಳೇ ಇದ್ದು, ಎಚ್‌ಆರ್ ವಿಶೇಷಾಧ್ಯಯನ ಸಾಮಾನ್ಯವಾಗಿ ಎರಡನೆಯ ವರ್ಷದಲ್ಲಿ ಬರುತ್ತದೆ, ಎಚ್‌ಆರ್‌ಗೆ ಇನ್ನೊಂದು ದಾರಿಯಾದ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಎಂ.ಎಸ್‌.ಡಬ್ಲ್ಯು.ದಲ್ಲಿ ಕ್ಷೇತ್ರಕಾರ್ಯವೇ ಓದಿನ ಬೆನ್ನೆಲುಬು. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿದ ಕಾಲದಿಂದಲೂ ಆ ಹುದ್ದೆಗೆ ಸಮಾಜಕಾರ್ಯ ಓದಿದವರು ಹೋಗುತ್ತ ಬಂದಿದ್ದಾರೆ. ಬೆಂಗಳೂರಿನ ಐಟಿ ಕಂಪನಿಯ ನೇಮಕಾತಿ ವಿಭಾಗ ಬೇಕೆಂದಿದ್ದರೆ ಎಂ.ಬಿ.ಎ. ಎನ್ನುತ್ತಿದ್ದೆ, ಇವರ ಮನಸ್ಸು ಕಾರ್ಖಾನೆಯ ಕಡೆಗಿದ್ದುದರಿಂದ ಎಂ.ಎಸ್‌.ಡಬ್ಲ್ಯು.ವನ್ನು ಮೊದಲು ಪರಿಗಣಿಸುವಂತೆ ಹೇಳಿದೆ. ಯಾವುದನ್ನು ಆರಿಸಿದರೂ ಶೇಕಡಾವಾರು, ಸರಾಸರಿ ಮತ್ತು ಎಕ್ಸೆಲ್ ಈಗಲೇ ಕಲಿಯಬೇಕು, 29 ಕಾನೂನುಗಳನ್ನು ಒಳಗೊಂಡ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಮೂಲದಲ್ಲೇ ಓದಬೇಕು. ಸಂದರ್ಶನದಲ್ಲಿ ‘ಕಾಯಕವೇ ಕೈಲಾಸ’ ಎಂದು ಆರಂಭಿಸಬಾರದೆಂದೂ ಎಚ್ಚರಿಸಿದೆ. ನಮ್ಮ ಭಾಗದ ಅಭ್ಯರ್ಥಿಗಳಿಂದ ಅದನ್ನು ಕೇಳಿ ಕೇಳಿ ಸಂದರ್ಶಕರ ಕಿವಿ ಜಡ್ಡುಗಟ್ಟಿದೆ.

ಮೂರನೆಯ ಭೇಟಿಗೆ ತಂದೆಯನ್ನೂ ಕರೆತರಲು ಹೇಳಿದ್ದೆ. “ಐದು ವರ್ಷ ಓದಿದ್ದು ನೀರಾಗ ಹೋತೇನ್ರಿ ಮೇಡಂ?” ಎಂದು ಅವರು ಕೇಳಿದಾಗ, ಏನೂ ವ್ಯರ್ಥವಾಗಿಲ್ಲ ಎಂದು ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ. ಛಂದಸ್ಸು, ಹಳಗನ್ನಡ ವ್ಯಾಕರಣ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಬರೆಯುವ ಶಕ್ತಿ ಬರುತ್ತದೆ, ಎಂ.ಎ. ಪದವಿಗಂತೂ ಅವಧಿ ಮೀರುವುದಿಲ್ಲ, ಬೇಕೆಂದಾಗ ಮತ್ತೆ ನೆಟ್ ಬರೆಯಬಹುದು ಎಂದಷ್ಟೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ವರ್ಷದ ಖರ್ಚು ಎಷ್ಟಾಗುತ್ತದೆಂದು ಬರೆದು ಕೊಡಲು ಮಗಳಿಗೆ ಹೇಳಿದರು.

ಈಗ ಮಹಾದೇವಿ ಎಂ.ಎಸ್‌.ಡಬ್ಲ್ಯು.ಗೆ ಅರ್ಜಿ ಹಾಕಿದ್ದಾರೆ, ಪಿಜಿಸಿಇಟಿಗೂ ಓದುತ್ತಿದ್ದಾರೆ. 371ಜೆ ಪ್ರಮಾಣಪತ್ರಕ್ಕಾಗಿ ಸಹಾಯಕ ಆಯುಕ್ತರ ಕಚೇರಿಗೆ ತಂದೆಯೇ ಜೊತೆಯಲ್ಲಿ ಹೋಗಿ ಬಂದಿದ್ದಾರೆ.